ಹಸೆಯಿಂದ ಏಳಿಸುವ ನುಡಿ

ಬಾಳಗಡಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಕಾಲೇಜಿಗೆ ಹೋಗುವ ದಾರಿಯಲ್ಲೇ ಇರುವುದರಿಂದ ಮಧ್ಯಾಹ್ನದ ಹೊತ್ತು ಹುಡುಗಿಯರು ಬಂದು ಬೆಂಚಿನ ಮೇಲೆ ಕೂರುತ್ತಾರೆ. ರವಿಕೆ ಹೊಲಿಸಲು ಬರುವವರು ಅದರಲ್ಲಿ ಒಬ್ಬರೋ ಇಬ್ಬರೋ. ಉಳಿದವರು ಬರುವುದು ನನಗೆ ಸಿಟ್ಟು ಬರಿಸಲಿಕ್ಕೆ. ಅದಕ್ಕೆ ಅವರು ಹೆಚ್ಚು ಕಷ್ಟಪಡಬೇಕಾಗಿಲ್ಲ. ಫೋನಿನಲ್ಲಿ ಯಾವುದಾದರೂ ಹಳೆಯ ಹಾಡಿನ ಕವರ್ ಹಾಕಿದರೆ ಸಾಕು.

ಕವರ್ ಎಂದರೆ ಏನೆಂದು ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ. ಒಬ್ಬರು ಹಾಡಿ, ಊರೆಲ್ಲ ಕೇಳಿ, ಹಳತಾದ ಹಾಡನ್ನು ಇನ್ನೊಬ್ಬರು ತಮ್ಮ ದನಿಯಲ್ಲಿ ಹಾಡಿ ಫೋನಿಗೆ ಬಿಡುವುದು. ಹೀಗೆ ಹಾಡುವವರು ಯಾವಾಗಲೂ ಕಿಟಕಿಯ ಪಕ್ಕ ಕೂತಿರುತ್ತಾರೆ. ಕಿಟಕಿಯಲ್ಲೊಂದು ಮನಿ ಪ್ಲಾಂಟ್ ಇರುತ್ತದೆ. ಕಣ್ಣು ಮುಚ್ಚಿರುತ್ತದೆ. ಮೂಲದಲ್ಲಿ ಸಂತೆಗೆ ಹೊರಟವಳ ಹಾಗೆ ಬಿರಬಿರನೆ ನಡೆಯುವ ಹಾಡು ಕವರಿನಲ್ಲಿ ಜ್ವರ ಬಿಟ್ಟು ಎದ್ದವಳ ಹಾಗೆ ಗೋಡೆ ಹಿಡಿದುಕೊಂಡು ಹೆಜ್ಜೆ ಇಡುತ್ತದೆ. ಅವರು ಒಂದು ಸಾಲು ಮುಗಿಸುವಷ್ಟರಲ್ಲಿ ನಾನು ರವಿಕೆಯ ಒಂದು ತೋಳು ಕೂಡಿಸಿರುತ್ತೇನೆ.

ನಮ್ಮ ಯಜಮಾನರು ಕವರ್ ಪಕ್ಷ. ಅವರದ್ದು ಪಿಕಪ್ ಗಾಡಿ. ಕೊಪ್ಪದಿಂದ ಜಯಪುರ, ಶೃಂಗೇರಿ ಕಡೆಗೆ ಅಂಗಡಿ ಸಾಮಾನು ಬಾಡಿಗೆ ಹೊಡೆಯುತ್ತಾರೆ. ಗಾಡಿಗಿಂತ ಅದರೊಳಗಿನ ಸ್ಪೀಕರಿಗೆ ಹೆಚ್ಚು ಕಾಳಜಿ. ಒಮ್ಮೆ ಶೃಂಗೇರಿಗೆ ಹೋಗುವಾಗ ಅವರು ಒಂದು ಕವರ್ ಹಾಕಿದರು. ನಾನು ಸುಮ್ಮನಿರಲಾರದೆ ಅದರ ಮೇಲೇ ಮೂಲ ಹಾಡನ್ನು ಮೂಲದ ವೇಗದಲ್ಲಿ ಹಾಡಲು ಶುರು ಮಾಡಿದೆ. ಕವರಿನವಳು ಪಲ್ಲವಿ ಮುಗಿಸುವಷ್ಟರಲ್ಲಿ ನಾನು ಎರಡನೇ ಚರಣದಲ್ಲಿದ್ದೆ. ಜಯಪುರ ದಾಟುತ್ತಲೇ ಯಜಮಾನರು ಗಾಡಿಯನ್ನು ಬದಿಗೆ ಹಾಕಿ, ಇನ್ನೊಂದು ಸಾಲು ಹಾಡಿದರೆ ಹಿಂದೆ ಅಕ್ಕಿಮೂಟೆಯ ಮೇಲೆ ಕೂರಬೇಕಾಗುತ್ತದೆ ಎಂದು ಶಾಂತವಾಗಿ ಹೇಳಿದರು. ನನ್ನ ದನಿ ಎಣ್ಣೆ ಕಾಣದ ಹೊಲಿಗೆ ಯಂತ್ರದ ಹಾಗಿದೆ ಎನ್ನುವುದು ಅವರ ಅಭಿಪ್ರಾಯ. ಅದರಲ್ಲಿ ತಪ್ಪೇನೂ ಇಲ್ಲ.

ಹಾಗೆ ನೋಡಿದರೆ ಮೂಲದ ವಿಷಯದಲ್ಲಿ ನನ್ನ ಕಿವಿಯೂ ಅಷ್ಟು ನಂಬುವಂಥದ್ದಲ್ಲ. ಚಿಕ್ಕವಳಿದ್ದಾಗ ತವರಿನಲ್ಲಿ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಒಂದು ಹಾಡನ್ನು ತುಂಬಿಸಿಕೊಂಡಿದ್ದೆ. ಸರಿಯಾಗಿ ಎರಡನೇ ಚರಣದ ನಡುವೆ ನಮ್ಮ ಕೆಂಪು ದನ ಅಂಬಾ ಎಂದಿತು. ಆ ಕ್ಯಾಸೆಟ್ಟನ್ನು ಸುರುಳಿ ಸವೆಯುವ ತನಕ ಕೇಳಿದೆ. ಈಗ ಅದೇ ಹಾಡು ಫೋನಿನಲ್ಲಿ ಬಂದರೆ ಎರಡನೇ ಚರಣಕ್ಕೆ ಯಂತ್ರ ತುಳಿಯುವ ಕಾಲು ನಿಲ್ಲಿಸಿ ಕಾಯುತ್ತೇನೆ. ದನ ಕೂಗುವುದಿಲ್ಲ. ಇದು ಅಸಲಿ ಅಲ್ಲ ಅನಿಸಿ ಹಾಡು ಬದಲಾಯಿಸುತ್ತೇನೆ. ಇದನ್ನು ಯಜಮಾನರಿಗೆ ಹೇಳಿದ್ದು ದೊಡ್ಡ ತಪ್ಪಾಯಿತು. ಈಗಲೂ ಜಗಳ ಜೋರಾದರೆ ಅವರು ಅಂಬಾ ಎನ್ನುತ್ತಾರೆ.

ಅವರಿಗೆ ಇನ್ನೊಂದು ಅಸ್ತ್ರವನ್ನೂ ನಾನೇ ಕೊಟ್ಟಿದ್ದೇನೆ. ನಮ್ಮ ಕಸುಬಿನಲ್ಲಿ ಅಳತೆ ರವಿಕೆ ಅಂತ ಇರುತ್ತದೆ. ಹೊಸ ಬಟ್ಟೆಯ ಜೊತೆ ಮೈಗೆ ಸರಿಯಾಗಿ ಕೂರುವ ಹಳೆಯದೊಂದು ರವಿಕೆಯನ್ನೂ ಕೊಡುತ್ತಾರೆ, ನಾವು ಅದನ್ನು ನೋಡಿ ಹೊಲಿಯುತ್ತೇವೆ. ಮುಂದಿನ ಸಲ ಅವರು ಅಳತೆಗೆ ತರುವುದು ಈಗ ನಾನು ಹೊಲಿದದ್ದನ್ನೇ. ಒಂದೊಂದು ಸಲವೂ ಎಲ್ಲೋ ದಾರದಷ್ಟು ಬಿಗಿ, ಎಲ್ಲೋ ದಾರದಷ್ಟು ಸಡಿಲ. ಮೊಟ್ಟಮೊದಲ ಅಳತೆ ಯಾರು ತೆಗೆದದ್ದು ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಹಾಗಾದರೆ ನೀನು ದಿನವಿಡೀ ಮಾಡುವುದೂ ಕವರೇ ಅಲ್ಲವಾ ಎನ್ನುತ್ತಾರೆ ಯಜಮಾನರು. ರವಿಕೆಯ ಮಾತು ಬೇರೆ, ಹಾಡಿನ ಮಾತು ಬೇರೆ, ಹಾಡಿಗೆ ಮೂಲ ಅಂತ ಒಂದಿರುತ್ತದೆ ಎನ್ನುತ್ತಿದ್ದೆ ನಾನು. ಅದಕ್ಕೆ ನನ್ನ ಹತ್ತಿರ ಸಾಕ್ಷಿಯೂ ಇತ್ತು. ಆ ಸಾಕ್ಷಿ ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಮುತ್ತಿನಕೊಪ್ಪದ ಹತ್ತಿರದ ನಮ್ಮ ತವರು ಕೇರಿಯಲ್ಲಿ ಯಾವ ಮದುವೆಯಾದರೂ ಹೆಣ್ಣು ಗಂಡನ್ನು ಹಸೆಗೆ ಕರೆಯುವ ಹಾಡು ಅವಳದೇ. ನಮ್ಮಲ್ಲಿ ಮದುಮಕ್ಕಳು ತಾವಾಗಿ ಹೋಗಿ ಹಸೆಮಣೆಯ ಮೇಲೆ ಕೂರುವಂತಿಲ್ಲ. ಹಾಡಿ ಕರೆಯಬೇಕು. ಹಾಡುತ್ತಲೇ ಆರತಿ ಎತ್ತಬೇಕು. ಆಮೇಲೆ ಹಾಡಿಯೇ ಏಳಿಸಬೇಕು. ಏಳಿಸುವ ನುಡಿ ಬರುವ ತನಕ ಮಳೆ ಬರಲಿ, ಕರೆಂಟು ಹೋಗಲಿ, ಅವರು ಕೂತಲ್ಲೇ ಕೂತಿರಬೇಕು. ಇದು ದೊಡ್ಡಮ್ಮನ ಕಟ್ಟುನಿಟ್ಟು. ನನ್ನ ಮದುವೆಯಲ್ಲೂ ಹಾಗೇ ಏಳಿಸಿದ್ದಳು.

ಹಾಡಿನ ಮೊದಲ ನುಡಿಗಳೆಲ್ಲ ಬಲು ಘನ. ಮುತ್ತಿನ ಮಣೆ, ಹವಳದ ಕಂಬ, ಚಂದ್ರನಂಥ ಗಂಡು. ಕೊನೆಯ ನುಡಿಗೆ ಬಂದರೆ ಮಾತ್ರ ಚಂದ್ರ ಎಲ್ಲಿಗೋ ಹೋಗಿ ಅಡುಗೆಮನೆ ಬರುತ್ತದೆ:

ಕಾಲು ಜೋಮಾದಾವು ಏಳೆ, ಕಣ್ಣು ಮಂಜಾದಾವು ಏಳೆ,
ಎಲೆ ಹಾಸಿ ಅನ್ನ ಬಡಿಸ್ಯಾರೆ, ಮಗಳೆ,
ನಿನ್ನ ಬಿಟ್ಟು ಯಾರೂ ಉಣಲಾರರು.

ರೇಷ್ಮೆ ಸೀರೆಯ ಅಂಚಿಗೆ ಯಾರೋ ಚೌಕಳಿ ಟವೆಲಿನ ತುಂಡು ಕೂಡಿಸಿದ ಹಾಗೆ ನನಗೆ ಯಾವಾಗಲೂ ಅನಿಸುತ್ತಿತ್ತು. ಆದರೂ ಅದೇ ನನಗೆ ಇಷ್ಟದ ನುಡಿ. ಮೂಲ ಎಂದರೆ ಹೀಗಿರಬೇಕು, ಸ್ವಲ್ಪ ಸೊಟ್ಟಗೆ, ಸ್ವಲ್ಪ ಗಟ್ಟಿಗೆ ಎಂದು ಕಾಲೇಜು ಹುಡುಗಿಯರಿಗೆ ಪಾಠ ಮಾಡುತ್ತಿದ್ದೆ.

ಕಳೆದ ವರ್ಷ ದೊಡ್ಡಮ್ಮನ ಸ್ವಂತ ಮೊಮ್ಮಗಳಿಗೇ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಶೃಂಗೇರಿಯ ಆಚೆ. ಮದುವೆ ನರಸಿಂಹರಾಜಪುರದ ಒಂದು ಭವನದಲ್ಲಿ. ಮದುವೆ ಗೊತ್ತಾದ ಕೆಲವೇ ದಿನಕ್ಕೆ ದೊಡ್ಡಮ್ಮ ಬಸ್ಸು ಹತ್ತಿಕೊಂಡು ಬಾಳಗಡಿಗೆ ಬಂದಳು. ಚೀಲದಲ್ಲಿ ಕಡುಹಸಿರು ರವಿಕೆ ಕಣ, ಬಾಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ. ದನಿ ತಿದ್ದಿಕೊಳ್ಳಲು ಆಗಲೇ ಶುರು ಮಾಡಿದ್ದಳು. ವಯಸ್ಸಾಗಿದೆ, ದಮ್ಮು ಮೊದಲಿನ ಹಾಗಿಲ್ಲ, ಮೊಮ್ಮಗಳನ್ನು ಹಸೆಗೆ ಕರೆದುಬಿಟ್ಟರೆ ಹಾಡಿದ್ದು ಸಾರ್ಥಕ ಎಂದಳು. ನಾನು ಟೇಪು ಹಿಡಿದು ನಿಂತಾಗ ಎದೆಯುಬ್ಬಿಸಿ ಒಂದು ನುಡಿ ಹಾಡಿಯೇ ತೋರಿಸಿದಳು.

"ಹಾಡ್ವಾಗ ಉಸಿರು ಹಿಡಿಬೇಕು ಕಣೆ. ಕಂಕಳಲ್ಲಿ ಒಂಚೂರು ಸಡಿಲ ಬಿಡು," ಎಂದಳು.

ಹಾಡಿಗೆಂದೇ ಅಳತೆ ತೆಗೆದು ಹೊಲಿದ ರವಿಕೆ ನನ್ನ ಕಸುಬಿನಲ್ಲಿ ಅದೊಂದೇ. ಉಸಿರು ಒಳಗೆಳೆದಾಗ ಒಂದು ಸಲ, ಬಿಟ್ಟಾಗ ಒಂದು ಸಲ ಸುತ್ತಳತೆ ತೆಗೆದೆ. ಬೆಂಚಿನ ಮೇಲಿದ್ದ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು.

ಮದುಮಗಳು ಬಂದದ್ದು ಅದರ ಮುಂದಿನ ವಾರ. ಅವಳು ಬಾಳಗಡಿಯಲ್ಲೇ ಓದಿದವಳು, ನನ್ನ ಬೆಂಚನ್ನು ಸವೆಸಿದವರಲ್ಲಿ ಅವಳೂ ಒಬ್ಬಳು. ಕೂತವಳೇ ಫೋನು ತೆಗೆದು ಕೇಳಿ ಅತ್ತೆ ಎಂದಳು. ನಮ್ಮ ಕಡೆಯ ಹಸೆ ಹಾಡನ್ನೇ ಯಾವುದೋ ಊರಿನ ಹುಡುಗಿಯೊಬ್ಬಳು ಗಿಟಾರ್ ಹಿಡಿದು ಹಾಡಿದ್ದಳು. ಕಿಟಕಿ, ಮನಿ ಪ್ಲಾಂಟ್, ಮುಚ್ಚಿದ ಕಣ್ಣು ಎಲ್ಲವೂ ಇತ್ತು. ಇತ್ತೀಚೆಗೆ ಎಲ್ಲರ ಮದುವೆ ವೀಡಿಯೋದಲ್ಲೂ ಇದೇ ಅಂತೆ. ತಾನು ನಡೆದು ಬರುವಾಗ ಇದನ್ನು ಹಾಕಬೇಕು ಅಂತ ಅವಳ ಆಸೆ. ಅಜ್ಜಿಗೆ ನೀವೇ ಹೇಳಿ, ನೀವು ಹೇಳಿದರೆ ಕೇಳುತ್ತಾಳೆ ಎಂದಳು. ಮೂಲದ ಪರವಾಗಿ ಊರಿಗೆಲ್ಲ ಭಾಷಣ ಮಾಡುತ್ತಿದ್ದ ನನ್ನ ಕೈಯಲ್ಲೇ ಕವರಿನ ಸುದ್ದಿ ಕಳಿಸುವ ಅವಳ ಜಾಣತನಕ್ಕೆ ಏನೆನ್ನಬೇಕೋ ತಿಳಿಯಲಿಲ್ಲ. ಮದುಮಗಳಿಗೆ ಬೈಯುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು.

ರವಿಕೆ ಒಯ್ಯಲು ದೊಡ್ಡಮ್ಮ ಬಂದಾಗ ಬಾಯಲ್ಲಿ ಹೇಳಲಾಗದೆ ಹಾಡನ್ನೇ ಕೇಳಿಸಿದೆ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು, ತಲೆ ಬಗ್ಗಿಸಿ, ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ, "ಪಾಪ, ಈ ಹುಡ್ಗಿ ಮನೇಲಿ ಯಾರು ಹೋದ್ರು?" ಎಂದು ಕೇಳಿದಳು.

ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಇದು ನಮ್ಮ ಹಸೆ ಹಾಡೇ, ಮೊಮ್ಮಗಳಿಗೆ ಮದುವೆಯಲ್ಲಿ ಇದೇ ಬೇಕಂತೆ ಎಂದು ಹೇಳಿದೆ. ದೊಡ್ಡಮ್ಮ ಓ ಎಂದಳು. ಹಸಿರು ರವಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದ ಅಡಿಗೆ ಹಾಕಿದಳು. ಮಗುವಿನ ಆಸೆ, ಆಗಲಿ, ತನಗೂ ಗಂಟಲು ಕಟ್ಟಿದೆ ಎಂದಳು. ಆಗತಾನೇ ಅಂಗಡಿಯ ಮೆಟ್ಟಿಲು ಹತ್ತಿ ಬರುವಾಗ ಅವಳು ಗುನುಗುತ್ತಿದ್ದದ್ದು ರಸ್ತೆಯ ಆಚೆಗೂ ಕೇಳಿತ್ತು.

ಮದುವೆಯ ದಿನ ದೊಡ್ಡಮ್ಮ ಆ ರವಿಕೆಯನ್ನೇ ಹಾಕಿಕೊಂಡು ಬಂದಿದ್ದಳು. ಹಾಡು ಇಲ್ಲದಿದ್ದಕ್ಕೆ ಅದು ಅವಳ ಮೈಮೇಲೆ ಖಾಲಿ ಖಾಲಿಯಾಗಿ ಕಾಣುತ್ತಿತ್ತು. ಎರಡನೇ ಸಾಲಿನ ಕುರ್ಚಿಯಲ್ಲಿ ಕೂತು ಎಲೆಯಡಿಕೆಯ ಕವಳ ಅಗಿಯುತ್ತಾ, ಮಾತಾಡಿಸಿದವರಿಗೆಲ್ಲ ಗಂಟಲು ಮುಟ್ಟಿ ತೋರಿಸುತ್ತಿದ್ದಳು. ತಾಳಿ ಕಟ್ಟಿದ್ದಾಯಿತು. ಊಟಕ್ಕೆ ಮುಂಚೆ ಹಸೆಯ ಆರತಿ. ಸ್ಪೀಕರಿನ ಉಸ್ತುವಾರಿ ನಮ್ಮ ಯಜಮಾನರದ್ದು. ಅವರು ಹೊಸ ಪಂಚೆಯುಟ್ಟು, ಫೋನು ಹಿಡಿದು, ಪುರೋಹಿತರಿಗಿಂತ ಗಂಭೀರವಾಗಿ ನಿಂತಿದ್ದರು.

ಹಾಡು ಶುರುವಾಯಿತು. ಗಿಟಾರು ಟಿಣ್ ಎಂದಿತು. ಆ ನಡಿಗೆಗೆ ಸರಿಯಾಗಿ ಕಾಲು ಹಾಕಲು ಹೋಗಿ ಮದುಮಕ್ಕಳು ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ಒಂಟಿಕಾಲಲ್ಲಿ ನಿಲ್ಲಬೇಕಾಯಿತು. ಅಂತೂ ಬಂದು ಕೂತರು. ಹೆಂಗಸರು ಆರತಿ ಎತ್ತಿದರು. ಕವರಿನವಳು ಬಾ ಬಾ ಎಂದು ಇನ್ನೂ ಕರೆಯುತ್ತಲೇ ಇದ್ದಳು, ಬಂದು ಕೂತವರು ಅವಳ ಕಣ್ಣಿಗೆ ಬಿದ್ದಂತಿರಲಿಲ್ಲ. ಕೊನೆಗೆ ಹಾಡು ಊಂ ಊಂ ಎಂದು ಸಣ್ಣಗಾಗಿ ನಿಂತಿತು. ಹುಡುಗರು ಚಪ್ಪಾಳೆ ತಟ್ಟಿದರು. ಮದುಮಗಳು ಸೆರಗು ಸರಿಮಾಡಿಕೊಂಡು ಏಳಲು ಹೊರಟಳು.

ಎರಡನೇ ಸಾಲಿನಿಂದ ದನಿ ಬಂತು. "ಕೂತ್ಕೋ. ಏಳ್ಸೋ ನುಡಿ ಬಂದಿಲ್ಲ."

ಮದುಮಗಳು ಪಟ್ಟನೆ ಕೂತಳು. ಗಂಡು ಅರ್ಧ ಎದ್ದಿದ್ದವನು ಅವಳನ್ನು ನೋಡಿ ಅವನೂ ಕೂತ. ನಮ್ಮ ಕೇರಿಯ ಹೆಂಗಸರೆಲ್ಲ ಹೌದು ಹೌದು, ಏಳಿಸದೆ ಏಳುವ ಹಾಗಿಲ್ಲ ಎಂದು ತಲೆಯಾಡಿಸಿದರು. ಅವರನ್ನೆಲ್ಲ ಹಸೆಯಿಂದ ಏಳಿಸಿದವಳು ದೊಡ್ಡಮ್ಮನೇ. ಗಂಡಿನ ಅಜ್ಜಿ, ತಮ್ಮ ಕಡೆ ಈ ಪದ್ಧತಿ ಕೇಳಿದ್ದಿಲ್ಲ, ಆದರೆ ಹೆಣ್ಣಿನ ಮನೆಯ ಕಟ್ಟಳೆ ಮುರಿಯುವುದು ಬೇಡ ಎಂದರು. ಅಲ್ಲಿಗೆ ಮದುಮಕ್ಕಳು ಹಸೆಗೆ ಅಂಟಿದ ಹಾಗಾಯಿತು.

ಯಜಮಾನರು ಧೈರ್ಯ ಕೊಟ್ಟರು. ಇದೊಂದೇ ಕವರ್ ಅಲ್ಲ, ಬೇಕಾದಷ್ಟಿದೆ, ಯಾವುದರಲ್ಲಾದರೂ ಆ ನುಡಿ ಇದ್ದೇ ಇರುತ್ತದೆ ಎಂದು ಹುಡುಕತೊಡಗಿದರು. ಒಬ್ಬ ಗಡ್ಡದವನು ಹಾಡಿದ್ದು ಬಂತು. ಅವನೂ ಕರೆದ, ಏಳಿಸಲಿಲ್ಲ. ಕೊಳಲಿನಲ್ಲಿ ಬರೀ ಧಾಟಿ ನುಡಿಸಿದ್ದು ಬಂತು. ಅದು ಕರೆಯಿತೋ ಏಳಿಸಿತೋ ಯಾರಿಗೂ ತಿಳಿಯಲಿಲ್ಲ, ಒಬ್ಬರು ಹಿರಿಯರು ಅದನ್ನೇ ಲೆಕ್ಕಕ್ಕೆ ಹಿಡಿಯಬಹುದು ಎಂದರು, ಹೆಂಗಸರು ಒಪ್ಪಲಿಲ್ಲ. ಒಬ್ಬ ಮುಂಡಾಸಿನವನು ಗುಂಪು ಕಟ್ಟಿಕೊಂಡು ಹಾಡಿದ್ದು, ಮಕ್ಕಳು ಹಾಡಿದ್ದು, ಕೊನೆಗೆ ಡಿಜೆ ಮಾಡಿದ್ದೂ ಬಂತು. ಡಿಜೆಗೆ ಗಂಡಿನ ಸ್ನೇಹಿತರು ಕುಣಿದೂ ಬಿಟ್ಟರು. ಎಲ್ಲರೂ ಕರೆಯುವವರೇ. ಏಳಿಸುವವರು ಒಬ್ಬರೂ ಇಲ್ಲ.

ಅಷ್ಟರಲ್ಲಿ ಅಡುಗೆ ಭಟ್ಟರು ಬಂದು ಎಲೆ ಹಾಸಿಯಾಗಿದೆ, ಬಡಿಸಲೋ ಬೇಡವೋ ಎಂದು ಕೇಳಿದರು. ಹುಳಿಯ ಒಗ್ಗರಣೆಯ ಪರಿಮಳ ಭವನಕ್ಕೆಲ್ಲ ಹಬ್ಬಿತ್ತು. ಶೃಂಗೇರಿಯಿಂದ ಬಂದ ಬಸ್ಸಿನ ಡ್ರೈವರ್ ಹೊರಗಿನಿಂದ ಹಾರ್ನ್ ಮಾಡಿದ. ಗಂಡಿಗೆ ಕಾಲು ಜೋಮು ಹಿಡಿದು, ಅವನ ತಂಗಿ ಮಣೆಯ ಪಕ್ಕ ಕೂತು ಪಾದ ಉಜ್ಜುತ್ತಿದ್ದಳು. ಫೋಟೋದವನು ಅದನ್ನೂ ಬಿಡಲಿಲ್ಲ.

ನಾನು ದೊಡ್ಡಮ್ಮನ ಹತ್ತಿರ ಹೋಗಿ ಕೈ ಹಿಡಿದೆ. ಗಂಟಲು ಕಟ್ಟಿದೆ ಎಂದಳು. ಮೊಮ್ಮಗಳ ಮುಖ ನೋಡು ಎಂದೆ. ನೋಡಿದಳು, ನೋಡಿ ಕವಳ ಅಗಿದಳು. ನಾನು ದೊಡ್ಡಮ್ಮನ ಪಕ್ಷವೇ, ಒಳಗೊಳಗೆ ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಮದುಮಗಳ ಕಣ್ಣಲ್ಲಿ ನೀರು ತುಂಬಿತ್ತು. ಅವಳಿಗೆ ಅಜ್ಜಿಯನ್ನು ಕೇಳಲು ಮುಖವಿಲ್ಲ, ಅಜ್ಜಿಗೆ ಕೇಳದೆ ಹಾಡಲು ಬಿಗುಮಾನ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನೋಡುತ್ತಿದ್ದರು. ಇದು ಹೀಗೇ ಮುಗಿದರೆ ಇಬ್ಬರೂ ಬದುಕಿಡೀ ಈ ದಿನವನ್ನು ನೆನೆದು ಸಂಕಟಪಡುತ್ತಾರೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕೇರಿಯ ಹೆಂಗಸರೆಲ್ಲ ಕೇಳಿದವರೇ, ಆದರೆ ಆ ನುಡಿ ಬಾಯಿಪಾಠ ಬರುವವಳು ದೊಡ್ಡಮ್ಮನನ್ನು ಬಿಟ್ಟರೆ ಅಲ್ಲಿ ನಾನೊಬ್ಬಳೇ. ಹಸೆಯ ಮುಂದೆ ಹೋಗಿ ನಿಂತೆ. ಯಜಮಾನರು ಬೇಡ ಎಂದು ಕೈಸನ್ನೆ ಮಾಡಿದ್ದು ಕಾಣಿಸಿತು. ಕಣ್ಣು ಮುಚ್ಚಿಕೊಂಡೆ. ಕವರಿನವರು ಯಾಕೆ ಕಣ್ಣು ಮುಚ್ಚುತ್ತಾರೆಂದು ಆಗ ತಿಳಿಯಿತು. ಹೆದರಿಕೆಗೆ ಮೊದಲ ಸಾಲನ್ನೇ ಅಟ್ಟದ ಮೇಲಿಂದ ಎತ್ತಿಕೊಂಡೆ, ಎರಡನೆಯ ಸಾಲಿಗೆ ಇನ್ನೂ ಮೇಲೆ ಹತ್ತಬೇಕಿತ್ತು, ಹತ್ತಲು ಜಾಗವಿರಲಿಲ್ಲ. ಅಲ್ಲೇ ಕಿರ್ ಎಂದು ನಿಂತೆ. ಯಾರದೋ ಮಗು ಅತ್ತಿತು. ಕೆಳಗಿನಿಂದ ಹಿಡಿಯೋಣವೆಂದು ಹೋದರೆ ದನಿ ಗಂಡಸಿನದಾಯಿತು.

"ಕೊಲ್ಬೇಡ ಮಾರಾಯ್ತಿ ಹಾಡನ್ನ," ಎಂದಳು ದೊಡ್ಡಮ್ಮ.

ಕಣ್ಣು ಬಿಟ್ಟರೆ ಅವಳು ಕವಳ ಉಗಿದು ಬಂದು ನನ್ನ ಪಕ್ಕ ನಿಂತಿದ್ದಳು. ಬಿಗುಮಾನ ಎಷ್ಟೇ ಇರಲಿ, ತನ್ನ ಹಾಡಿಗೆ ಅಂಥ ಗತಿ ಬಂದದ್ದನ್ನು ಕೂತು ನೋಡಲು ಅವಳಿಂದಾಗಲಿಲ್ಲ. ಮೊಣಕೈಯಲ್ಲಿ ನನ್ನನ್ನು ಬದಿಗೆ ಸರಿಸಿದಳು. ಉಸಿರು ಎಳೆದಳು. ಹಸಿರು ರವಿಕೆ ತುಂಬಿತು. ನಾನು ಬಿಟ್ಟಿದ್ದ ಸಡಿಲವಷ್ಟೂ ಆ ಉಸಿರಿಗೆ ಬೇಕಾಯಿತು.

ದನಿ ಮೊದಲಿನದಲ್ಲ. ನಡುವೆ ಒಡೆಯಿತು, ಒಂದು ಕಡೆ ಕೆಮ್ಮಿತು. ಆದರೆ ನಿನ್ನ ಬಿಟ್ಟು ಯಾರೂ ಉಣಲಾರರು ಎಂಬಲ್ಲಿಗೆ ಬಂದಾಗ ಅವಳು ಬಗ್ಗಿ ಮೊಮ್ಮಗಳ ಗಲ್ಲ ಹಿಡಿದಳು. ಮದುಮಗಳು ಗೊಳೋ ಎಂದು ಅತ್ತುಬಿಟ್ಟಳು. "ಮೊದ್ಲೇ ನಿನ್ನನ್ನೇ ಕರಿಬೇಕಿತ್ತು ಅಜ್ಜಿ," ಎಂದಳು. ದೊಡ್ಡಮ್ಮ ಅವಳನ್ನು ಎಬ್ಬಿಸಿ, ಮೊದಲ ಪಂಕ್ತಿಗೆ ತಾನೇ ಕೈಹಿಡಿದು ಕರೆದುಕೊಂಡು ಹೋದಳು. ಗಂಡು ಕುಂಟುತ್ತಾ ಹಿಂದೆ ಹೋದ. ಅಂದಿನ ಹುಳಿ ಬಲು ಚೆನ್ನಾಗಿತ್ತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನು ಯಜಮಾನರಿಗೆ ಮೂಲದ ಮಹಿಮೆ ಹೇಳಿದೆ. ಒಂದು ರಾಶಿ ಕವರ್ ಹುಡುಕಿದಿರಲ್ಲ, ಒಂದರಲ್ಲಾದರೂ ಆ ನುಡಿ ಇತ್ತಾ ಎಂದೆ. ಅವರು ಅಂಬಾ ಎನ್ನುವ ಧೈರ್ಯ ಮಾಡಲಿಲ್ಲ. ನಾನು ಗೆದ್ದಿದ್ದೆ.

ಆ ಗೆಲುವು ದೊಡ್ಡಮ್ಮ ಮತ್ತೆ ಅಂಗಡಿಗೆ ಬರುವ ತನಕ ಇತ್ತು. ಗಂಡಿನ ಅಜ್ಜಿಗೆ ಏಳಿಸುವ ನುಡಿ ಬಹಳ ಹಿಡಿಸಿ, ಅವರ ಮನೆಯ ಇನ್ನೊಂದು ಮದುವೆಗೆ ಶೃಂಗೇರಿ ಕಡೆಗೆ ಹಾಡಲು ಕರೆದಿದ್ದರು. ಅದಕ್ಕೆ ಇನ್ನೊಂದು ಸಡಿಲ ರವಿಕೆ ಬೇಕಿತ್ತು. ಅಳತೆಗೆ ಹಸಿರು ರವಿಕೆಯನ್ನೇ ತಂದಿದ್ದಳು. ನಾನು ಗುರುತು ಹಾಕುತ್ತಾ, ಈ ನುಡಿ ಬೇರೆ ಯಾರ ಹಾಡಿನಲ್ಲೂ ಇಲ್ಲವಲ್ಲ, ನಿನಗೆ ಯಾರು ಕಲಿಸಿದ್ದು ಎಂದು ಕೇಳಿದೆ. ಅವಳ ಅತ್ತೆಯದೋ, ಅವರ ಅತ್ತೆಯದೋ ಎಂಬ ಉತ್ತರಕ್ಕೆ ನಾನು ತಯಾರಾಗಿದ್ದೆ.

"ಯಾರೂ ಕಲಿಸ್ಲಿಲ್ಲ. ನಾನೇ ಸೇರ್ಸಿದ್ದು," ಎಂದಳು.

ನನ್ನ ಕೈಯ ಸೀಮೆಸುಣ್ಣ ನಿಂತಿತು. ಮತ್ತೆ, ಏಳಿಸದೆ ಏಳಬಾರದು ಅನ್ನುವ ಕಟ್ಟಳೆ ಯಾರದು ಎಂದೆ. ಅದೂ ತನ್ನದೇ ಎಂದಳು. ಆಮೇಲೆ ಬೆಂಚಿನ ಮೇಲೆ ಕೂತು, ಬೇರೆ ಯಾರದೋ ಕಥೆಯ ಹಾಗೆ ಹೇಳಿದಳು. ಅವಳ ಮದುವೆಯ ದಿನ ಹಾಡಿ ಕರೆದು ಹಸೆಯ ಮೇಲೆ ಕೂರಿಸಿದರಂತೆ. ಅಷ್ಟರಲ್ಲಿ ಊಟಕ್ಕೆ ಕರೆದರು. ದೊಡ್ಡಪ್ಪನನ್ನು ಯಾರೋ ಕೂಗಿದರು, ಅವರೂ ಎದ್ದು ಹೋದರು. ಇವಳಿಗೆ ಮಾತ್ರ ಯಾರೂ ಏಳು ಎನ್ನಲಿಲ್ಲ. ಹೊಸ ಹೆಣ್ಣು, ತಾನಾಗಿ ಹೇಗೆ ಏಳುವುದು. ಪಂಕ್ತಿಯ ಮೇಲೆ ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಸಾರಿಸಿದ ಮೇಲೆ ಪಾತ್ರೆ ತೊಳೆಯುವವಳೊಬ್ಬಳು ನೋಡಿ, ಎಂತ, ಇನ್ನೂ ಕೂತಿದ್ದೀಯಾ ಎಂದಳಂತೆ.

"ಊಟ?" ಎಂದೆ.

"ಹುಳಿ ಮುಗ್ದಿತ್ತು. ಮಜ್ಜಿಗೆ ಅನ್ನ ಉಂಡೆ. ಆಮೇಲೆ ನಾನು ಹಾಡೋಕೆ ಶುರು ಮಾಡಿದ್ಮೇಲೆ ಒಂದು ಹೆಣ್ಣನ್ನೂ ಹಂಗೆ ಬಿಡ್ಲಿಲ್ಲ ಕಣೆ."

ಕಾಲು ಜೋಮು, ಕಣ್ಣು ಮಂಜು, ಬಡಿಸಿದ ಅನ್ನ. ಟವೆಲಿನ ತುಂಡು ಎಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು, ಅಳುವೂ ಬಂತು. ದೊಡ್ಡಮ್ಮ ಮಾತ್ರ ಆಗಲೇ ಜ್ಯೇಷ್ಠಮಧುವಿನ ಕಡ್ಡಿಗೆ ಚೀಲ ತಡಕುತ್ತಿದ್ದಳು. ಮಧ್ಯಾಹ್ನವಾಗಿತ್ತು, ನನ್ನ ಬುತ್ತಿಯಲ್ಲಿ ಇಬ್ಬರಿಗೆ ಸಾಕಾಗುವಷ್ಟು ಅನ್ನ, ಹುಳಿ ಇತ್ತು. ಕತ್ತರಿ ಕೆಳಗಿಟ್ಟು, ಅವಳ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡೆ.

"ಹಾಡ್ಬೇಡ ಮಾರಾಯ್ತಿ, ಹಂಗೇ ಏಳ್ತೀನಿ," ಎಂದಳು.

ನಾನು ಬಿಡಲಿಲ್ಲ. ಪೂರ್ತಿ ನುಡಿ ಹಾಡಿಯೇ ಏಳಿಸಿದೆ.